ಪಾತ್ರಾಪಾತ್ರ ವಿಚಾರ

ಊರು ಬಿಟ್ಟು ಮುಂಬಯಿಯ ಕಡೆಗೆ ಬಂದ ನಮ್ಮಂಥವರಿಗೆ ನೀರು ತುಂಬಿಡುವುದು ಒಂದು ನಿತ್ಯವ್ರತ. ಕಳೆದ ಬೇಸಗೆಯಲ್ಲಿ ನಲ್ಲಿಯ ನೀರು ದಿನಕ್ಕೆ ಒಂದೇ ಹೊತ್ತು ಬರತೊಡಗಿದಾಗ, ಡೊಂಬಿವಲಿಯ ನಮ್ಮ ಎರಡು ಕೋಣೆಯ ಸಂಸಾರಕ್ಕೆ ದೊಡ್ಡ ಪೀಪಾಯಿಯೊಂದು ಬೇಕೇ ಬೇಕೆಂದು ನಮ್ಮಾಕೆ ತೀರ್ಮಾನಿಸಿದಳು. ನಾನೋ ಸರಕಾರಿ ಕಚೇರಿಯ ಗುಮಾಸ್ತ. ಹೊಸದರ ಬೆಲೆ ಕೇಳಿ ಹಿಂದೆ ಸರಿದೆ. ಹಳೆಯ ಸಾಮಾನಿನ ಅಂಗಡಿಯಲ್ಲಿ ಅರ್ಧ ಬೆಲೆಗೆ ಒಂದು ನೀಲಿ ಪೀಪಾಯಿ ಸಿಕ್ಕಿತು. ತಂದು, ಸಾಬೂನು ಹಾಕಿ ಮೂರು ಸಲ ತಿಕ್ಕಿ ತೊಳೆದು, ನೀರು ತುಂಬಿದೆ. ಇಲ್ಲಿಯವರು ಗುಜರಿ ಸಾಮಾನಿಗೆ ‘ಭಂಗಾರ್’ ಎನ್ನುತ್ತಾರಷ್ಟೆ. ನನಗಂತೂ ಆ ದಿನ ಬಂಗಾರವೇ ದೊರೆತಂತಾಗಿತ್ತು.

ಮೂರನೆಯ ದಿನ ಧಾರವಾಡದ ಕಡೆಯ ಹಿರಿಯರೊಬ್ಬರು ಮನೆಗೆ ಬಂದರು. ರಾಸಾಯನಿಕಗಳ ಗೋದಾಮಿನಲ್ಲಿ ಉಗ್ರಾಣ ನೋಡಿಕೊಳ್ಳುವವರು; ನಮಗೆಲ್ಲ ಕಾಕಾ. ಕೈಕಾಲು ತೊಳೆಯಲು ಹೋದವರು ಅಲ್ಲಿಂದಲೇ ಕೂಗಿದರು:

“ತಮ್ಮಾ, ಈ ಪೀಪಾಯಿ ಎಲ್ಲಿಂದ ತಂದಿ? ಇದರಾಗಿನ ನೀರು ಯಾರರ ಕುಡದೀರೇನು?”

ಕುಡಿದಿರಲಿಲ್ಲ. ಆದರೆ ಮಕ್ಕಳು ಎರಡು ದಿನ ಅದೇ ನೀರಿನಲ್ಲಿ ಮುಖ ತೊಳೆದಿದ್ದರು. ಕಾಕಾ ಪೀಪಾಯಿಯ ಹಿಂಬದಿಗೆ ಬೆರಳು ತೋರಿಸಿದರು. ಅರ್ಧ ಹರಿದ ಚೀಟಿಯಲ್ಲಿ ಕೆಂಪು ಬಣ್ಣದ ವಜ್ರಾಕೃತಿ. ಅದರೊಳಗೆ ಬೆಂಕಿಯ ಜ್ವಾಲೆ. ಬೇಗ ಹೊತ್ತಿಕೊಳ್ಳುವ ದ್ರವದ ಗುರುತದು.

“ಮೂರು ಸಲ ತೊಳೆದೀನಲ್ಲ ಕಾಕಾ?” ಎಂದೆ.

“ಮೂವತ್ತು ಸಲ ತೊಳದರೂ ಅಷ್ಟ. ಪ್ಲಾಸ್ಟಿಕ್ಕು ಅದನ್ನ ಕುಡದ ಕೂತದ.”

ಕಾಕಾ ಅಂದು ವಿವರಿಸಿದ್ದನ್ನೂ ಆಮೇಲೆ ನಾನು ಓದಿ ತಿಳಿದದ್ದನ್ನೂ ವಾಚಕರ ಮುಂದಿಡುತ್ತಿದ್ದೇನೆ. ಕಾರಖಾನೆಯ ದ್ರವಕ್ಕೆ ಪಾತ್ರೆ ಆರಿಸುವುದು ಕನ್ಯೆಗೆ ವರನನ್ನು ಹುಡುಕುವಷ್ಟೇ ಸೂಕ್ಷ್ಮವಾದ ಕೆಲಸ.

ಮೊದಲು ನೋಡಬೇಕಾದದ್ದು ದ್ರವದ ಸ್ವಭಾವ. ಗಂಧಕಾಮ್ಲ ಕಬ್ಬಿಣವನ್ನು ತಿನ್ನುತ್ತದೆಂದು ಶಾಲೆಯಲ್ಲಿ ಓದಿದ್ದೇವೆ. ಆದರೆ ಶೇಕಡಾ 98ರ ಗಾಢ ಆಮ್ಲವನ್ನು ಸಾಧಾರಣ ಉಕ್ಕಿನ ಟ್ಯಾಂಕರಿನಲ್ಲಿಯೇ ಸಾಗಿಸುತ್ತಾರೆ! ಆಮ್ಲ ತಗುಲಿದೊಡನೆ ಉಕ್ಕಿನ ಮೇಲೆ ಕಬ್ಬಿಣದ ಸಲ್ಫೇಟಿನ ತೆಳುಪೊರೆ ಕಟ್ಟಿ ಅದೇ ರಕ್ಷೆಯಾಗುತ್ತದೆ. ಅದಕ್ಕೆ ನೀರು ಸೇರಿತೋ, ಉಕ್ಕು ಕರಗಿ ಹೈಡ್ರೋಜನ್ ಹೊರಡುತ್ತದೆ. ಹೈಡ್ರೋಕ್ಲೋರಿಕ್ ಆಮ್ಲಕ್ಕಾದರೋ ಬರಿಯ ಉಕ್ಕು ಸಲ್ಲದು. ಪ್ಲಾಸ್ಟಿಕ್ ಇಲ್ಲವೆ ಒಳಗೆ ರಬ್ಬರ್ ಹೊದಿಸಿದ ಟ್ಯಾಂಕ್ ಬೇಕು. ಬಟ್ಟೆ ಬಿಳುಪು ಮಾಡುವ ಹೈಪೋಕ್ಲೋರೈಟ್ ದ್ರಾವಣ ಸುಮ್ಮನಿದ್ದರೂ ಅನಿಲ ಬಿಡುತ್ತಿರುತ್ತದೆ. ಬಿಗಿ ಮುಚ್ಚಳ ಹಾಕಿದರೆ ಪೀಪಾಯಿ ಉಬ್ಬಿಕೊಳ್ಳುವುದರಿಂದ ಅದರ ಮುಚ್ಚಳಕ್ಕೆ ಉಸಿರಾಡುವ ಕಿಂಡಿ ಇರಬೇಕು. ಟೊಲ್ವೀನಿನಂಥ ದ್ರಾವಕಗಳು ಪ್ಲಾಸ್ಟಿಕ್ಕಿನೊಳಗೇ ಇಳಿಯುತ್ತವೆ; ಮೇಲಾಗಿ ಹರಿಯುವಾಗ ಸ್ಥಿರವಿದ್ಯುತ್ತನ್ನು ಹುಟ್ಟಿಸುತ್ತವೆ. ಇವಕ್ಕೆ ಉಕ್ಕಿನ ಪೀಪಾಯಿಯೇ ಲೇಸು. ಸುರಿಯುವಾಗ ಅದನ್ನು ತಂತಿಯಿಂದ ನೆಲಕ್ಕೆ ಜೋಡಿಸಿರಬೇಕು.

ಎರಡನೆಯದು ತೂಕ. 200 ಲೀಟರಿನ ಪೀಪಾಯಿಯಲ್ಲಿ ನೀರು 200 ಕಿಲೋ ತೂಗಿದರೆ ಗಾಢ ಗಂಧಕಾಮ್ಲ ಸುಮಾರು 368 ಕಿಲೋ ತೂಗುತ್ತದೆ. ಲೀಟರಿನ ಲೆಕ್ಕವೊಂದನ್ನೇ ನೋಡಿ ಕೊಂಡವನ ಪೀಪಾಯಿ ದಾರಿಯಲ್ಲಿ ಬಿರಿದರೆ ಆಶ್ಚರ್ಯವೇನು?

ಮೂರನೆಯದು ಪ್ರಮಾಣ ಮತ್ತು ಪ್ರಯಾಣ. ಸ್ವಲ್ಪ ಸ್ವಲ್ಪವೇ ಹಲವರಿಗೆ ಹಂಚುವುದಾದರೆ ಪೀಪಾಯಿ ಸರಿ. ಕಬ್ಬಿಣದ ಪಂಜರದಲ್ಲಿ ಕೂರಿಸಿದ ಬಿಳಿಯ ಚೌಕ ತೊಟ್ಟಿಗಳನ್ನು ಲಾರಿಗಳ ಮೇಲೆ ನೀವೂ ಕಂಡಿರಬಹುದು. ಐಬಿಸಿ ಎಂದು ಅವುಗಳ ಹೆಸರು. ಒಂದರಲ್ಲಿ ಸಾಮಾನ್ಯವಾಗಿ 1000 ಲೀಟರ್, ಅಂದರೆ ಐದು ಪೀಪಾಯಿಯ ಸರಕು ಹಿಡಿಸುತ್ತದೆ. ಬುಡದಲ್ಲಿ ನಲ್ಲಿಯೂ ಉಂಟು. ಹಡಗಿನಲ್ಲಿ ಹೋಗುವ ದೊಡ್ಡ ಸರಕಿಗೆ 20 ಅಡಿಯ ಚೌಕಟ್ಟಿನೊಳಗೆ ಕೂರಿಸಿದ ಉಕ್ಕಿನ ಟ್ಯಾಂಕ್ ಇದೆ. ಖಾದ್ಯತೈಲ, ಗ್ಲಿಸರಿನ್ ಮುಂತಾದ ಸಾಧುದ್ರವಗಳಿಗೆ ಫ್ಲೆಕ್ಸಿಟ್ಯಾಂಕ್ ಎಂಬ ಭಾರಿ ಚೀಲವೂ ಸಾಕು. 24,000 ಲೀಟರಿನವರೆಗೆ ತುಂಬಬಹುದು. ಅಪಾಯದ ದ್ರವಗಳಿಗೆ ಮಾತ್ರ ಚೀಲ ನಿಷಿದ್ಧ.

ತುಂಬುವುದರಲ್ಲಿಯೂ ಹದವುಂಟು. ಬಿಸಿಲಿಗೆ ದ್ರವ ಹಿಗ್ಗುವುದರಿಂದ ಕಂಠಪೂರ್ತಿ ತುಂಬಬಾರದು. ದೊಡ್ಡ ಟ್ಯಾಂಕನ್ನು ಅರ್ಧಂಬರ್ಧ ತುಂಬುವುದೂ ತಪ್ಪು. ತಿರುವಿನಲ್ಲಿ ದ್ರವವೆಲ್ಲ ಒಂದೇ ಕಡೆಗೆ ನುಗ್ಗಿ ಗಾಡಿಯನ್ನೇ ಮಗುಚೀತು. ಒಳಗೆ ಅಡ್ಡತಡೆಗಳಿಲ್ಲದ ಟ್ಯಾಂಕಿನಲ್ಲಿ ತೆಳುದ್ರವವನ್ನು ಶೇಕಡಾ 20ಕ್ಕಿಂತ ಹೆಚ್ಚು, 80ಕ್ಕಿಂತ ಕಡಿಮೆ ತುಂಬಿ ಒಯ್ಯಬಾರದೆಂದು ಅಂತರರಾಷ್ಟ್ರೀಯ ನಿಯಮವೇ ಇದೆ.

ಅಪಾಯದ ಸರಕಿಗೆಂದು ಪರೀಕ್ಷೆಗೊಂಡ ಪಾತ್ರೆಯ ಮೈಮೇಲೆ ಅದರ ಜಾತಕವೇ ಅಚ್ಚಾಗಿರುತ್ತದೆ. 1ಎ1 ಎಂದರೆ ಮೇಲ್ಭಾಗ ತೆಗೆಯಲು ಬಾರದ ಉಕ್ಕಿನ ಪೀಪಾಯಿ, 1ಎಚ್1 ಎಂದರೆ ಅಂಥದೇ ಪ್ಲಾಸ್ಟಿಕ್ಕಿನದು. ಎಷ್ಟು ಸಾಂದ್ರತೆಯ ದ್ರವವನ್ನು ತಾಳೀತು, ಯಾವಾಗ ತಯಾರಾಯಿತು ಎಂಬುದೂ ಅಲ್ಲಿರುತ್ತದೆ. ಪ್ಲಾಸ್ಟಿಕ್ ಪೀಪಾಯಿಗೆ ಅಪಾಯಕಾರಿ ಸರಕನ್ನು ಹೊರುವ ಆಯುಸ್ಸು ಸಾಮಾನ್ಯವಾಗಿ ಐದೇ ವರ್ಷ. ಆ ಮೇಲೆ ಅಂಥವು ಎಷ್ಟೋ ನಮ್ಮ ಸ್ನಾನದ ಮನೆಗೆ ಬಂದು ಕೂರುತ್ತವೆ!

ಇಂಥ ಖಾಲಿ ಪೀಪಾಯಿಗಳನ್ನು 2016ರ ನಿಯಮಗಳು ಅಪಾಯಕಾರಿ ತ್ಯಾಜ್ಯವೆಂದೇ ಎಣಿಸಿವೆ. ದಿನವೂ ಕಡತಗಳ ನಡುವೆ ಕುಳಿತು ನಿಯಮಗಳನ್ನು ನಕಲು ಮಾಡುವ ನನಗೇ ಇದು ಗೊತ್ತಿರಲಿಲ್ಲವೆಂದು ನಾಚಿಕೆಯಾಯಿತು.

ಪೀಪಾಯಿಯನ್ನು ಅಂಗಡಿಯವನಿಗೇ ಹಿಂದಿರುಗಿಸಿ ಹಣ ಕೇಳೋಣವೆಂದೆ. ನಮ್ಮಾಕೆ ಒಪ್ಪಲಿಲ್ಲ. “ನಾಳೆ ಅದು ಇನ್ನೊಂದು ಮನೆಗೆ ಹೋಗೋದಿಲ್ಲವೇ? ಅಲ್ಲಿಯೂ ಮಕ್ಕಳಿರುತ್ತವಲ್ಲ?” ಎಂದಳು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಕೊನೆಗೆ ಕಾಕಾ ಅವರೇ ಅದನ್ನು ತಮ್ಮ ಗೋದಾಮಿನ ಖಾಲಿ ಪೀಪಾಯಿಗಳೊಡನೆ ಪರವಾನಗಿಯುಳ್ಳವರಲ್ಲಿಗೆ ಸಾಗಿಸಿದರು.

ಈಗ ನಮ್ಮಲ್ಲಿರುವುದು ಕುಡಿಯುವ ನೀರಿಗೆಂದೇ ತಯಾರಾದ ಹೊಸ ಪೀಪಾಯಿ. ಗಾತ್ರ ಹಳೆಯದರ ಅರ್ಧ, ಬೆಲೆ ಎರಡರಷ್ಟು. ಬೆಳಿಗ್ಗೆ ಒಂದು ಕೊಡ ನೀರು ಕಡಿಮೆಯಾಗುತ್ತದೆ, ನಿಜ. ಆದರೆ ಮಕ್ಕಳು ಮುಖ ತೊಳೆಯುವಾಗ ನಮ್ಮಾಕೆ ಈಗ ಬಾಗಿಲಲ್ಲಿ ನಿಂತು ನೀರು ಮೂಸಿ ನೋಡುವುದಿಲ್ಲ.