ಎಂ.ಕಾಂ. ಅರ್ಜಿ ಹಾಕುವ ಮುನ್ನ

ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಯ ಕಡೆ ನಿಮ್ಮ ಬಂಧುಗಳ ಮಕ್ಕಳು ಬಿ.ಕಾಂ. ಕೊನೆಯ ವರ್ಷದಲ್ಲಿದ್ದರೆ ಈ ಮಾತನ್ನು ಅವರಿಗೆ ಮುಟ್ಟಿಸಿರಿ. 1949ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ಮರುವರ್ಷ ಧಾರವಾಡಕ್ಕೆ ಬಂದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷದ ಎಂ.ಕಾಂ. ಶಿಕ್ಷಣವುಂಟು. ಅರ್ಜಿ ಈಗ ಅಂತರಜಾಲದ ಮೂಲಕ. ಅದನ್ನು ತುಂಬುವುದು ಅರ್ಧ ತಾಸಿನ ಕೆಲಸ. ಕಾಗದಪತ್ರ ಕೂಡಿಸುವುದು ಹಾಗಲ್ಲ.

ಮೊದಲ ತೊಡಕು ಹೆಸರಿನದು. ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರನ್ನೂ ಶಾಲೆಯ ದಾಖಲೆಯಲ್ಲಿ ಬರೆಸುವುದು ನಮ್ಮ ಭಾಗದ ರೂಢಿ. ಆಧಾರ್ ಚೀಟಿಯಲ್ಲಿ ಅದೇ ಹೆಸರು ಎಷ್ಟೋ ಸಲ ಮೊಟಕಾಗಿರುತ್ತದೆ. ಇಬ್ಬರೂ ಒಬ್ಬರೇ ಎಂದು ಊರಿನವರಿಗೆ ಗೊತ್ತು, ಯಂತ್ರಕ್ಕೆ ಗೊತ್ತಾಗದು. ಆದುದರಿಂದ ಹತ್ತನೆಯ ಇಯತ್ತೆಯ ಅಂಕಪಟ್ಟಿಯಲ್ಲಿರುವ ಹೆಸರಿಗೆ ಉಳಿದವನ್ನೆಲ್ಲ ಹೊಂದಿಸಿ, ಫಲಿತಾಂಶ ಬರುವ ಮೊದಲೇ ತಿದ್ದಿಸಬೇಕು.

ಜಾತಿ ಹಾಗೂ ಆದಾಯದ ಪ್ರಮಾಣಪತ್ರ ದೊರೆಯುವುದು ಹೋಬಳಿಯ ನಾಡಕಚೇರಿಯಲ್ಲಿ. ಮೀಸಲು ಸೀಟು, ಶುಲ್ಕದ ರಿಯಾಯಿತಿ, ವಿದ್ಯಾರ್ಥಿವೇತನ ಇವೆಲ್ಲಕ್ಕೂ ಅವು ಬೇಕು. ಆದಾಯಪತ್ರದ ಅವಧಿ ಐದೇ ವರ್ಷ. ಪಿಯುಸಿಗೆ ಸೇರುವಾಗ ಮಾಡಿಸಿದ್ದು ಬಿ.ಕಾಂ. ಮುಗಿಯುವ ಹೊತ್ತಿಗೆ ಸರಿಯಾಗಿ ತೀರಿರುತ್ತದೆ! ಕೊನೆಯ ದಿನ ಇದು ಬೆಳಕಿಗೆ ಬಂದರೆ ಅಂಕಗಳಿದ್ದೂ ಪ್ರಯೋಜನವಿಲ್ಲ. ಹುಡುಗನಿಗೆ ಒಂದು ವರ್ಷ ಹೋದೀತು. ಹಳ್ಳಿಯ ಹುಡುಗಿಗೆ ಓದೇ ನಿಂತುಹೋದೀತು.

ವಿದ್ಯಾರ್ಥಿವೇತನ ಜಮೆಯಾಗುವುದು ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಗೆ. ಅಲ್ಲಿಯೂ ಅದೇ ಹೆಸರಿದೆಯೋ ಎಂದು ನೋಡಿಕೊಳ್ಳಲು ಹೇಳಿರಿ.