ಸೀಟು ಸಿಕ್ಕಿತು, ತರಗತಿಗೆ ದಾರಿ ಯಾವುದು?

ವಿಶ್ವವಿದ್ಯಾಲಯದ ಮುಖ್ಯದ್ವಾರದ ಬಳಿ ಸಾಮಾನ್ಯವಾಗಿ ದೊಡ್ಡದೊಂದು ನಕ್ಷೆಯ ಫಲಕವಿರುತ್ತದೆ. ಆಡಳಿತ ಸೌಧ, ಗ್ರಂಥಾಲಯ, ವಿದ್ಯಾರ್ಥಿನಿಲಯ, ಅತಿಥಿಗೃಹ ಎಲ್ಲವೂ ಅದರಲ್ಲಿ ಬಣ್ಣಬಣ್ಣದ ಚೌಕಗಳಾಗಿ ಕಾಣಿಸುತ್ತವೆ. ಯಾವ ಕಟ್ಟಡ ಎಲ್ಲಿದೆ ಎಂಬುದನ್ನು ಅದು ಹೇಳುತ್ತದೆ. ಗ್ರಂಥಾಲಯದ ಬಾಗಿಲಿಗೆ ಎಷ್ಟು ಮೆಟ್ಟಿಲುಗಳಿವೆ, ಹಿಂಬದಿಯ ರ‍್ಯಾಂಪ್‌ಗೆ ಹೋಗುವ ಗೇಟಿಗೆ ಬೀಗ ಹಾಕಿರುತ್ತಾರೆಯೇ, ಲಿಫ್ಟ್ ಎಷ್ಟನೆಯ ಅಂತಸ್ತಿನವರೆಗೆ ಹೋಗುತ್ತದೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಸರಾಗವಾಗಿ ನಡೆದಾಡಬಲ್ಲವರಿಗೆ ಈ ವಿವರಗಳ ಅಗತ್ಯ ಬೀಳದು. ಗಾಲಿಕುರ್ಚಿಯಲ್ಲಿ ಬರುವ ವಿದ್ಯಾರ್ಥಿಗೆ ಮೊದಲು ಬೇಕಾಗಿರುವುದು ಇವೇ.

ಕಾನೂನಿನ ದೃಷ್ಟಿಯಿಂದ ನೋಡಿದರೆ ಪರಿಸ್ಥಿತಿ ಆಶಾದಾಯಕವಾಗಿದೆ. 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು, ಶೇ 40 ಅಥವಾ ಅದಕ್ಕೂ ಹೆಚ್ಚಿನ ವೈಕಲ್ಯವುಳ್ಳವರಿಗೆ ಸರ್ಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5ರಷ್ಟು ಸೀಟುಗಳನ್ನು ಮೀಸಲಿಟ್ಟಿದೆ. 1995ರ ಹಳೆಯ ಕಾಯ್ದೆಯಲ್ಲಿ ಇದು ಶೇ 3 ಮಾತ್ರ ಇತ್ತು. ಕಟ್ಟಡ ಮತ್ತು ಆವರಣಗಳು ಎಲ್ಲರಿಗೂ ಸುಗಮವಾಗಿರಬೇಕು ಎಂದು ಅದೇ ಕಾಯ್ದೆಯ 16ನೆಯ ಕಲಂ ವಿಧಿಸುತ್ತದೆ. ಈಗಾಗಲೇ ಇರುವ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು ನಿಯಮಗಳು ಪ್ರಕಟವಾದಂದಿನಿಂದ ಐದು ವರ್ಷಗಳ ಗಡುವನ್ನೂ ನೀಡಲಾಗಿತ್ತು. ನಿಯಮಗಳು 2017ರ ಜೂನ್‌ನಲ್ಲಿ ಪ್ರಕಟವಾದವು. ಅಂದರೆ ಆ ಗಡುವು 2022ರಲ್ಲಿಯೇ ಮುಗಿದಿದೆ.

ಗಡುವು ಮುಗಿದ ಮಾತ್ರಕ್ಕೆ ಮೆಟ್ಟಿಲುಗಳು ಕರಗಿ ಹೋಗುವುದಿಲ್ಲ. ರಾಜೀವ್ ರಾತೂರಿ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ತೀರ್ಪು ನೀಡಿದ ಸುಪ್ರೀಂ ಕೋರ್ಟ್, ಸುಗಮತೆಯ ಮಾನದಂಡಗಳನ್ನು ಕೇವಲ ಮಾರ್ಗಸೂಚಿಯ ಮಟ್ಟಕ್ಕೆ ಇಳಿಸಿದ್ದ 15(1)ನೆಯ ನಿಯಮವು ಮೂಲ ಕಾಯ್ದೆಗೆ ವಿರುದ್ಧವಾದುದೆಂದು ಹೇಳಿ, ಕಡ್ಡಾಯ ನಿಯಮಗಳನ್ನು ಮೂರು ತಿಂಗಳೊಳಗೆ ರೂಪಿಸುವಂತೆ ಕೇಂದ್ರಕ್ಕೆ ಸೂಚಿಸಿತು. 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ 13.24 ಲಕ್ಷ ವಿಕಲಚೇತನರಿದ್ದರು. ಅವರ ಪೈಕಿ ಪದವಿಯ ಮೆಟ್ಟಿಲೇರಬಯಸುವವರ ಮುಂದಿರುವ ಪ್ರಶ್ನೆ ಸೀಟಿನದಷ್ಟೇ ಅಲ್ಲ, ದಾರಿಯದೂ ಹೌದು.

ಪರೀಕ್ಷೆಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. 2018ರಲ್ಲಿ ಕೇಂದ್ರ ಹೊರಡಿಸಿದ ಮಾರ್ಗಸೂಚಿಯಂತೆ, ಬರೆಯಲು ತೊಡಕಿರುವ ವಿಕಲಚೇತನ ಅಭ್ಯರ್ಥಿಗೆ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿಯಾಗಿ ಸಿಗಬೇಕು. ಆದರೆ ಈ ನಿಮಿಷಗಳ ಲೆಕ್ಕ ಆರಂಭವಾಗುವುದು ಪರೀಕ್ಷಾ ಕೊಠಡಿಯೊಳಗೆ ಕುಳಿತ ಮೇಲೆ. ಗೇಟಿನಿಂದ ಕೊಠಡಿಯವರೆಗೆ ದಾರಿ ಹುಡುಕುತ್ತ ಕಳೆದ ಸಮಯ ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಪ್ರವೇಶಪತ್ರದಲ್ಲಿ ಬ್ಲಾಕ್ ಮತ್ತು ಕೊಠಡಿಯ ಸಂಖ್ಯೆ ಇದ್ದರೂ ಅಲ್ಲಿಗೆ ಮೆಟ್ಟಿಲಿಲ್ಲದ ದಾರಿ ಇದೆಯೇ ಎಂಬುದು ಅಭ್ಯರ್ಥಿಗೆ ತಿಳಿಯುವುದು ಪರೀಕ್ಷೆಯ ದಿನ ಬೆಳಿಗ್ಗೆಯೇ.

ಮೊದಲ ಪಾಠ ಇಲಿನಾಯ್‌ನಿಂದ

ವಿಶ್ವವಿದ್ಯಾಲಯದ ಆವರಣವನ್ನು ಈ ದೃಷ್ಟಿಯಿಂದ ನೋಡುವ ಪರಿಪಾಠ ಹೊಸದೇನಲ್ಲ. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡು ಮರಳಿದ ಸೈನಿಕರು ಓದಲು ಬಂದಾಗ, 1948ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಟಿಮತಿ ನ್ಯೂಜೆಂಟ್ ಎಂಬುವರು ಅವರಿಗಾಗಿ ಪ್ರತ್ಯೇಕ ಕಾರ್ಯಕ್ರಮವೊಂದನ್ನು ಆರಂಭಿಸಿದರು. ರ‍್ಯಾಂಪ್‌ಗಳು, ಗಾಲಿಕುರ್ಚಿ ಹತ್ತಿಸಬಲ್ಲ ಬಸ್ಸುಗಳು ಅಲ್ಲಿ ಕಾಣಿಸಿಕೊಂಡವು. ಆ ಅನುಭವ ಮತ್ತು ಸಂಶೋಧನೆಯ ಆಧಾರದ ಮೇಲೆಯೇ 1961ರಲ್ಲಿ ಕಟ್ಟಡಗಳ ಸುಗಮತೆಗೆ ಸಂಬಂಧಿಸಿದ ಅಮೆರಿಕದ ಮೊದಲ ರಾಷ್ಟ್ರೀಯ ಮಾನದಂಡ ರೂಪುಗೊಂಡಿತು. ಮರುವರ್ಷ, ಪೋಲಿಯೊದಿಂದ ಕೈಕಾಲುಗಳ ಶಕ್ತಿ ಕಳೆದುಕೊಂಡಿದ್ದ ಎಡ್ ರಾಬರ್ಟ್ಸ್ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಸೇರಿದರು. ಸಾಮಾನ್ಯ ವಿದ್ಯಾರ್ಥಿನಿಲಯದಲ್ಲಿ ಅವರಿಗೆ ತಕ್ಕ ಕೊಠಡಿ ಇರಲಿಲ್ಲ. ಆವರಣದ ಆಸ್ಪತ್ರೆಯ ವಾರ್ಡೇ ಅವರ ವಸತಿಯಾಯಿತು.

ಇತ್ತೀಚಿನ ದಶಕಗಳಲ್ಲಿ ನಕ್ಷೆಯ ಕೆಲಸ ಸುಲಭವಾಗಿದೆ. 2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ಭೂಪಟದಲ್ಲಿ ಯಾರು ಬೇಕಾದರೂ ಮೆಟ್ಟಿಲು, ಇಳಿಜಾರು, ನೆಲದ ಸ್ವರೂಪಗಳನ್ನು ಗುರುತಿಸಬಹುದು. ಇದೇ ಭೂಪಟವನ್ನು ಆಧರಿಸಿ 2010ರಲ್ಲಿ ಬರ್ಲಿನ್‌ನಲ್ಲಿ ಆರಂಭವಾದ ವೀಲ್‌ಮ್ಯಾಪ್, ಸ್ಥಳಗಳನ್ನು ಸಂಚಾರ ದೀಪದ ಬಣ್ಣಗಳಲ್ಲಿ ತೋರಿಸುತ್ತದೆ. ಗಾಲಿಕುರ್ಚಿ ಸಲೀಸಾಗಿ ಹೋಗುವಂತಿದ್ದರೆ ಹಸಿರು, ಹೋಗಲಾಗದಿದ್ದರೆ ಕೆಂಪು, ಬಾಗಿಲಲ್ಲಿ ಏಳು ಸೆಂಟಿಮೀಟರ್ ಮೀರದ ಒಂದೇ ಮೆಟ್ಟಿಲಿದ್ದರೆ ನಡುವಿನ ಬಣ್ಣ. ಮಾಹಿತಿ ಇಲ್ಲದ ಸ್ಥಳಕ್ಕೆ ಬೂದು ಬಣ್ಣ. ಈ ಬೂದು ಬಣ್ಣವೇ ಅದರ ದೊಡ್ಡ ಗುಣವೆನ್ನಬೇಕು. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಒಪ್ಪಿಕೊಳ್ಳುವ ಸರ್ಕಾರಿ ಫಲಕ ನಮ್ಮಲ್ಲಿ ಅಪರೂಪ.

ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಟಾಸ್ಕರ್ ಕೇಂದ್ರ ರೂಪಿಸಿದ ಆಕ್ಸೆಸ್‌ಮ್ಯಾಪ್ ಇನ್ನೂ ಒಂದು ಹೆಜ್ಜೆ ಮುಂದಿದೆ. ತಾನು ಎಷ್ಟು ಏರನ್ನು ಹತ್ತಬಲ್ಲೆ, ಎಷ್ಟು ಇಳಿಜಾರನ್ನು ಇಳಿಯಬಲ್ಲೆ ಎಂಬುದನ್ನು ಬಳಕೆದಾರನೇ ಸೂಚಿಸಿದರೆ ಅದಕ್ಕೆ ತಕ್ಕ ಕಾಲುದಾರಿಯನ್ನು ಅದು ತೋರಿಸುತ್ತದೆ. ಕೈಯಿಂದ ತಳ್ಳುವ ಕುರ್ಚಿಗೂ ಬ್ಯಾಟರಿಯ ಕುರ್ಚಿಗೂ ಒಂದೇ ದಾರಿ ಒಗ್ಗಬೇಕೆಂದಿಲ್ಲವಷ್ಟೆ.

ಏರು ತಗ್ಗಿನ ಆವರಣಗಳು

ಈ ಸಂಗತಿ ನಮಗೆ ಹೆಚ್ಚು ಅನ್ವಯಿಸುತ್ತದೆ. ಕೊಣಾಜೆಯ ಮಂಗಳಗಂಗೋತ್ರಿ ಇರುವುದು ಗುಡ್ಡದ ಮೇಲೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ್ದೂ ಗುಡ್ಡದ ಆವರಣವೇ. ಚಪ್ಪಟೆಯಾದ ನಕ್ಷೆಯಲ್ಲಿ ಅಕ್ಕಪಕ್ಕ ಕಾಣುವ ಎರಡು ಕಟ್ಟಡಗಳ ನಡುವೆ ಕಡಿದಾದ ಏರು ಇರಬಹುದು. ದೂರ ಕಾಣುವ ಸುತ್ತುದಾರಿಯೇ ಹತ್ತಿರದ್ದಾಗಿರಬಹುದು. ಕರಾವಳಿಯಲ್ಲಾದರೆ ಮಳೆಗಾಲದ ಪಾಚಿಯ ಮಾತು ಬೇರೆ. ಮೇ ತಿಂಗಳಲ್ಲಿ ಹಸಿರು ಬಣ್ಣ ಪಡೆದ ಮುರಕಲ್ಲಿನ ದಾರಿ ಜುಲೈನಲ್ಲಿ ಊರುಗೋಲಿಗೆ ಅಪಾಯಕಾರಿ. ಒಂದೇ ದಾರಿಗೆ ಎರಡು ಋತುಗಳ ಗುರುತು ಹಾಕುವುದು ಇಂಥ ಕಡೆ ಅನಿವಾರ್ಯ.

ಇಂತಹ ನಕ್ಷೆಗೆ ದುಬಾರಿ ಉಪಕರಣಗಳೇನೂ ಬೇಕಿಲ್ಲ. ಅಳತೆ ಪಟ್ಟಿ, ಒಂದು ಗಾಲಿಕುರ್ಚಿ ಮತ್ತು ಕೋನ ಅಳೆಯುವ ಸೌಲಭ್ಯವಿರುವ ಮೊಬೈಲ್ ಫೋನ್ ಸಾಕು. ಪ್ರತಿ ವಿಶ್ವವಿದ್ಯಾಲಯದಲ್ಲಿಯೂ ರಾಷ್ಟ್ರೀಯ ಸೇವಾ ಯೋಜನೆಯ ಸ್ವಯಂಸೇವಕರಿದ್ದಾರೆ. 2021ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರವು ನಕ್ಷೆ ತಯಾರಿಕೆಗಿದ್ದ ಪೂರ್ವಾನುಮತಿಯ ನಿರ್ಬಂಧಗಳನ್ನು ಭಾರತೀಯ ಸಂಸ್ಥೆಗಳ ಮಟ್ಟಿಗೆ ಸಡಿಲಿಸಿರುವುದರಿಂದ ಕಡತಗಳ ಕಾಟವೂ ಕಡಿಮೆ.

ಅಳೆಯಬೇಕಾದ್ದು ಏನು? ರ‍್ಯಾಂಪ್ ಇದೆ ಎಂದು ಗುರುತು ಹಾಕಿದರೆ ಸಾಲದು. ಅಂಗೀಕೃತ ಮಾನದಂಡ 1:12, ಅಂದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಅರ್ಧ ಅಡಿಯ ಆರು ಮೆಟ್ಟಿಲುಗಳಿರುವ ಕಡೆ 36 ಅಡಿ ಉದ್ದದ ರ‍್ಯಾಂಪ್ ಬೇಕಾಗುತ್ತದೆ. ಜಾಗವಿಲ್ಲವೆಂದು ಹತ್ತು ಅಡಿಯಲ್ಲಿ ಮುಗಿಸಿದ ರ‍್ಯಾಂಪ್ ತಪಾಸಣೆಯವರ ಪಟ್ಟಿಗೆ ಸಲ್ಲಬಹುದು, ಒಂಟಿಯಾಗಿ ಕುರ್ಚಿ ತಳ್ಳಿಕೊಂಡು ಬರುವವರಿಗೆ ಸಲ್ಲುವುದಿಲ್ಲ. ಬಾಗಿಲಿನ ಅಗಲ 90 ಸೆಂಟಿಮೀಟರ್ ಇದೆಯೇ, ಹೊಸ್ತಿಲು ಎಷ್ಟು ಎತ್ತರ, ಹಿಡಿಕಂಬಿ ಎರಡೂ ಬದಿಗೆ ಇದೆಯೇ, ಶೌಚಾಲಯದೊಳಗೆ ಕುರ್ಚಿ ತಿರುಗುತ್ತದೆಯೇ ಎಂಬುದನ್ನೆಲ್ಲ ಬರೆದುಕೊಳ್ಳಬೇಕು. ಶೌಚಾಲಯದ ಬೀಗದ ಕೈ ಯಾರ ಬಳಿ ಇರುತ್ತದೆ ಎಂಬುದನ್ನೂ ಬರೆದುಕೊಳ್ಳಬೇಕು. ಇದು ಹಾಸ್ಯದ ಮಾತಲ್ಲ. ದಿನವಿಡೀ ನೀರು ಕುಡಿಯದೆ ತರಗತಿಯಲ್ಲಿ ಕೂರುವ ವಿದ್ಯಾರ್ಥಿನಿಗೆ ನಕ್ಷೆಯ ಅತಿ ಮುಖ್ಯ ಗುರುತು ಅದುವೇ.

ಅಳತೆಗೆ ಹೊರಡುವ ತಂಡದಲ್ಲಿ ವಿಕಲಚೇತನ ವಿದ್ಯಾರ್ಥಿಗಳೇ ಮುಂದಿರಬೇಕು. ಎಂಜಿನಿಯರ್ ಕಣ್ಣಿಗೆ ಬೀಳದ ಒಂದು ಇಂಚಿನ ಗುಂಡಿ ಗಾಲಿಕುರ್ಚಿಯ ಮುಂದಿನ ಸಣ್ಣ ಚಕ್ರಕ್ಕೆ ತಿಳಿಯುತ್ತದೆ.

ಅಂಧ ವಿದ್ಯಾರ್ಥಿಗಳ ವಿಷಯ ಸ್ವಲ್ಪ ಭಿನ್ನ. ಜಾಲತಾಣಕ್ಕೆ ಚಿತ್ರರೂಪದಲ್ಲಿ ಏರಿಸಿದ ನಕ್ಷೆ ಅವರ ಪಾಲಿಗೆ ಖಾಲಿ ಹಾಳೆ. ತೆರೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ತಂತ್ರಾಂಶಕ್ಕೆ ಚಿತ್ರದಲ್ಲಿನ ದಾರಿ ಕಾಣದು. ಅವರಿಗೆ ಬೇಕಾದುದು ಬರಹದ ನಕ್ಷೆ: 'ಗೇಟಿನಿಂದ ನೇರವಾಗಿ ನೂರು ಹೆಜ್ಜೆ, ಬಲಕ್ಕೆ ಕ್ಯಾಂಟೀನು, ಮುಂದೆ ಮೂರು ಮೆಟ್ಟಿಲು' ಎಂಬಂಥದ್ದು. ಬೆರಳಿನಿಂದ ಓದಬಲ್ಲ ಉಬ್ಬುಚಿತ್ರಗಳ ತಯಾರಿಕೆಯಲ್ಲಿ ದೆಹಲಿಯ ಐಐಟಿಯ ತಂಡವೊಂದು ವರ್ಷಗಳಿಂದ ತೊಡಗಿಕೊಂಡಿದೆ. ಕೆಂಪು ಹಸಿರುಗಳ ಭೇದ ತಿಳಿಯದವರೂ ಇರುವುದರಿಂದ ಬಣ್ಣದ ಜೊತೆಗೆ ಚಿಹ್ನೆಯೂ ಇರಬೇಕು. ಕಿವಿ ಕೇಳದವರು ದಾರಿಹೋಕರನ್ನು ವಿಚಾರಿಸಿ ಉತ್ತರ ಪಡೆಯುವುದು ಕಷ್ಟ. ಅವರು ನಂಬುವುದು ಫಲಕವನ್ನೇ.

ಹೆಸರುಗಳ ಗೊಂದಲವೂ ಉಂಟು. ಫಲಕದಲ್ಲಿ ಮಹನೀಯರೊಬ್ಬರ ಹೆಸರಿನ ಭವನವಾಗಿರುವುದು ವಿದ್ಯಾರ್ಥಿಗಳ ಬಾಯಲ್ಲಿ 'ಆರ್ಟ್ಸ್ ಬ್ಲಾಕ್' ಆಗಿರುತ್ತದೆ. ಹಳ್ಳಿಯಿಂದ ಮೊದಲ ಬಾರಿಗೆ ಬಂದವರಿಗೆ ಎರಡೂ ಹೆಸರುಗಳು ಕನ್ನಡದಲ್ಲಿ ಸಿಗಬೇಕು. ಸಂಜೆಯ ಬಳಿಕ ದೀಪವಿರುವ ದಾರಿಗಳನ್ನು ತೋರಿಸಿದರೆ ಗ್ರಂಥಾಲಯದಿಂದ ಮರಳುವ ವಿದ್ಯಾರ್ಥಿನಿಯರಿಗೂ ಉಪಯೋಗ.

ನಕ್ಷೆ ಬಿಡಿಸಿದೆವು, ಕೆಲಸ ಮುಗಿಯಿತು ಎಂದು ಭಾವಿಸುವ ಅಪಾಯ ಇದ್ದೇ ಇದೆ. ನಕ್ಷೆಯಿಂದ ಒಂದು ಮೆಟ್ಟಿಲೂ ಕಡಿಮೆಯಾಗದು. ಆದರೆ ಕೆಂಪು ಗುರುತುಗಳನ್ನೆಲ್ಲ ಒಟ್ಟಿಗೆ ನೋಡಿದಾಗ ಯಾವ ಒಂದು ರ‍್ಯಾಂಪ್ ಕಟ್ಟಿದರೆ ಎಷ್ಟು ವಿಭಾಗಗಳ ದಾರಿ ತೆರೆಯುತ್ತದೆ ಎಂಬುದು ಕುಲಸಚಿವರಿಗೂ ಹಣಕಾಸು ಅಧಿಕಾರಿಗೂ ತಿಳಿಯುತ್ತದೆ. ರ‍್ಯಾಂಪ್ ಕಟ್ಟಲು ವರ್ಷ ಹಿಡಿಯಬಹುದು. ವಿದ್ಯಾರ್ಥಿಯ ತರಗತಿಯನ್ನು ನೆಲ ಅಂತಸ್ತಿಗೆ ವರ್ಗಾಯಿಸಲು ಒಂದು ಸುತ್ತೋಲೆ ಸಾಕು.

ತಪ್ಪು ನಕ್ಷೆ ನಕ್ಷೆ ಇಲ್ಲದಿರುವುದಕ್ಕಿಂತ ಕೆಟ್ಟದ್ದು. ಲಿಫ್ಟ್ ಇದೆಯೆಂದು ನಂಬಿ ಬಂದವರಿಗೆ ಅದು ಕೆಟ್ಟು ನಿಂತಿರುವುದು ಕಂಡರೆ ಅಂದಿನ ತರಗತಿ ಹೋದಂತೆಯೇ. ಆದ್ದರಿಂದ ನಕ್ಷೆಯ ಕೆಳಗೆ ಅಳತೆ ಮಾಡಿದ ದಿನಾಂಕವೂ, ಬದಲಾವಣೆ ತಿಳಿಸಲು ಒಂದು ದೂರವಾಣಿ ಸಂಖ್ಯೆಯೂ ಇರಬೇಕು. ಇಷ್ಟೆಲ್ಲ ಸಿದ್ಧವಾಗಬೇಕಾದುದು ತರಗತಿಗಳು ಆರಂಭವಾದ ಮೇಲಲ್ಲ, ಪ್ರವೇಶ ಕೈಪಿಡಿ ಅಚ್ಚಿಗೆ ಹೋಗುವ ಮುನ್ನ. ಯಾವ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಬೇಕೆಂದು ವಿದ್ಯಾರ್ಥಿ ಮತ್ತು ಪೋಷಕರು ಮನೆಯಲ್ಲಿ ಕುಳಿತು ತೀರ್ಮಾನಿಸುವುದು ಆ ಕೈಪಿಡಿಯನ್ನು ನೋಡಿಯೇ.