ಕಿರಿದಾದ ಜಠರ, ಹಿರಿದಾದ ಅಮಲು

ಬೊಜ್ಜಿನಿಂದ ಬಳಲುವವರ ಜಠರವನ್ನು ಕಿರಿದುಗೊಳಿಸಿ ನೇರವಾಗಿ ಸಣ್ಣಕರುಳಿಗೆ ಜೋಡಿಸುವ ಶಸ್ತ್ರಕ್ರಿಯೆಯನ್ನು 1966ರಲ್ಲಿ ಅಮೆರಿಕದ ಅಯೋವಾದಲ್ಲಿ ಎಡ್ವರ್ಡ್ ಮೇಸನ್ ಅವರು ಮೊದಲು ಕೈಗೊಂಡರು. ಅದರಿಂದ ಹಸಿವು ತಗ್ಗುವುದು, ದೇಹ ಹಗುರಾಗುವುದು. ಹಲವರಲ್ಲಿ ಮಧುಮೇಹವೂ ಇಳಿಮುಖವಾಗುವುದು. ಆದರೆ ಮದ್ಯದ ವಿಷಯದಲ್ಲಿ ಈ ಉಪಕಾರವೇ ಅಪಕಾರವಾಗಿ ತಿರುಗುತ್ತದೆ. ಜಠರದಲ್ಲಿ ತಂಗಿ ಮೆಲ್ಲನೆ ಇಳಿಯಬೇಕಾದ ಮದ್ಯವು ಕೆಲವೇ ನಿಮಿಷಗಳಲ್ಲಿ ಕರುಳನ್ನು ಸೇರಿ ರಕ್ತಕ್ಕೆ ನುಗ್ಗುತ್ತದೆ. ಹಿಂದೆ ಎರಡು ಬಟ್ಟಲು ಕುಡಿದೂ ಸ್ತಿಮಿತದಲ್ಲಿದ್ದವನು ಒಂದರಲ್ಲಿಯೇ ಮತ್ತನಾಗುತ್ತಾನೆ. 2012ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಚಿಕಿತ್ಸೆಗೆ ಮುಂಚೆ ನೂರಕ್ಕೆ 7.6ರಷ್ಟಿದ್ದ ಪಾನವ್ಯಸನವು ಮೊದಲ ವರ್ಷ ಏರದೆ, ಎರಡನೆಯ ವರ್ಷದಲ್ಲಿ 9.6ಕ್ಕೆ ಏರಿತ್ತು. ಎಲ್ಲವೂ ಸುಸೂತ್ರವಾಯಿತೆಂದು ರೋಗಿಯೂ ಬಂಧುಗಳೂ ನಿಶ್ಚಿಂತರಾಗುವ ಹೊತ್ತಿಗೇ ಕೇಡು ಮೊಳೆಯುತ್ತದೆ. ಗಾಯ ಮಾಯಬಹುದು, ಎಚ್ಚರ ಮಾಯವಾಗಬಾರದು.